ಹರಿಗೋಲು ಯಾಕೆ ಮುಳುಗುವುದಿಲ್ಲ?

ಗೆಳೆಯರೇ, ನೀವೆಲ್ಲ ಹರಿಹರದ ಸೇತುವೆ ಮೇಲೆ ಬಸ್ಸಿನಲ್ಲಿ ತುಂಗಭದ್ರೆಯನ್ನು ದಾಟಿದ್ದೀರಿ. ಹರಿಗೋಲಿನಲ್ಲಿ ದಾಟಿದವರು ಎಷ್ಟು ಜನ? ದಸರಾ ರಜೆಯಲ್ಲಿ ಅಪ್ಪ, ಅವ್ವ, ತಮ್ಮನ ಜೊತೆ ನಾನು ಹಂಪಿಗೆ ಹೋಗಿದ್ದೆ. ಹರಪನಹಳ್ಳಿ ಮೇಲೆ ಹೊಸಪೇಟೆಗೆ ಬಸ್ಸು. ದಾರಿಯುದ್ದಕ್ಕೂ ಬಿಸಿಲು, ಧೂಳು. ಹಂಪಿಯಲ್ಲಿ ನೋಡಿದ ಕಡೆಯೆಲ್ಲ ಬಂಡೆಗಳು. ಅವುಗಳ ನಡುವೆ ನಮ್ಮ ಹೊಳೆಯೇ ಹರಿಯುತ್ತಿತ್ತು! ಅಲ್ಲಿ ಹರಿಗೋಲು ಹತ್ತಿದೆವು.

ಹರಿಗೋಲು ಎಂದರೆ ದೊಡ್ಡ ದುಂಡನೆಯ ಬುಟ್ಟಿ ಇದ್ದಂತೆ. ಬಿದಿರಿನ ಸೀಳುಗಳಿಂದ ಹೆಣೆಯುತ್ತಾರೆ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ನಡೆಸುವ ಕೋಲಿಗೆ ಹುಟ್ಟು ಎನ್ನುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇದನ್ನು ನೋಡಿದ್ದ. ಇದರಲ್ಲಿ 15-20 ಜನ ಹಿಡಿಯುತ್ತಾರೆ, ಇದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿದ್ದಾನೆ.

ಯಾಕೆ ಸುತ್ತುತ್ತದೆ? ಉದ್ದ ದೋಣಿಗೆ ಮುಂದು, ಹಿಂದು ಇರುತ್ತದೆ. ಹರಿಗೋಲಿಗೆ ಎರಡೂ ಇಲ್ಲ. ಒಂದು ಕಡೆ ಹುಟ್ಟು ಹಾಕಿದರೆ ಗಿರ್ರನೆ ತಿರುಗುತ್ತದೆ. ಆದರೆ ತಳ ಅಗಲ, ಚಪ್ಪಟೆ. ಆದ್ದರಿಂದ ಕಲ್ಲುಗಳಿರುವ ಕಡಿಮೆ ನೀರಿನಲ್ಲೂ ತೇಲುತ್ತದೆ.

ಯಾಕೆ ಮುಳುಗುವುದಿಲ್ಲ? ಮನೆಯಲ್ಲಿ ಬಕೆಟ್ ನೀರಿನ ಮೇಲೆ ಸ್ಟೀಲ್ ಬಟ್ಟಲು ಇಡಿ. ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಅದರೊಳಗೆ ಸಣ್ಣ ಕಲ್ಲುಗಳನ್ನು ಸುತ್ತಲೂ ಸಮವಾಗಿ ಇಡಿ. ಆಗಲೂ ತೇಲುತ್ತದೆ. ಎಲ್ಲಾ ಕಲ್ಲನ್ನು ಒಂದೇ ಕಡೆಗೆ ಸರಿಸಿ. ಬಟ್ಟಲು ಓರೆಯಾಗಿ, ನೀರು ನುಗ್ಗಿ, ಮುಳುಗುತ್ತದೆ.

ನಮಗೂ ಹಾಗೇ ಆಗುವುದರಲ್ಲಿತ್ತು. ತಮ್ಮ ನೀರು ಮುಟ್ಟಲು ಎದ್ದು ಬಗ್ಗಿದ. ಅವನನ್ನು ಹಿಡಿಯಲು ನಾನೂ ಅವ್ವನೂ ಅದೇ ಕಡೆ ವಾಲಿದೆವು. ಹರಿಗೋಲು ಓರೆಯಾಗಿ ಒಳಗೆ ನೀರು ಬಂತು! ಹುಟ್ಟು ಹಾಕುತ್ತಿದ್ದ ಅಜ್ಜ, "ಯಾರೂ ಏಳಬ್ಯಾಡ್ರಿ! ಕುಂತಲ್ಲೇ ಕುಂದ್ರಿ! ಏ ತಮ್ಮಾ, ಕೆಳಗ ಕುಂದ್ರು!" ಎಂದು ಕೂಗಿದರು. ಅಪ್ಪ ಎದುರು ಬದಿಯಲ್ಲೇ ಕೂತಿದ್ದರು. ತಮ್ಮ ಕೂತ, ನಾವು ಹಿಂದೆ ಸರಿದೆವು, ಹರಿಗೋಲು ಸಮ ಆಯಿತು. ಅವ್ವನಿಗೆ ಈಜು ಬರೋದಿಲ್ಲ. ನಮಗ್ಯಾರಿಗೂ ತೇಲುವ ಜಾಕೆಟ್ ಇರಲಿಲ್ಲ. ಕೊಡಲಿಲ್ಲ, ನಾವೂ ಕೇಳಲಿಲ್ಲ.

ಆದ್ದರಿಂದ ಇವನ್ನು ನೆನಪಿಡಿ:
1. ಜಾಕೆಟ್ ಕೇಳಿ ಹಾಕಿಕೊಳ್ಳಿ.
2. ಸುತ್ತಲೂ ಸಮವಾಗಿ, ತಳದಲ್ಲಿ ಕೂರಿ. ಏಳಬೇಡಿ.
3. ಯಾರಾದರೂ ವಾಲಿದರೆ ಎಲ್ಲರೂ ಆ ಕಡೆ ಹೋಗಬೇಡಿ.
4. ಹೊಳೆ ಕೆಂಪಗೆ ತುಂಬಿ ಬಂದಾಗ ಇಳಿಯಲೇಬೇಡಿ. ತುಂಗಾ, ಭದ್ರಾ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಸೇರಿ ಹೊನ್ನಾಳಿ ಮೇಲೆ ಹರಿಹರಕ್ಕೆ ಬರುತ್ತವೆ. ನಮ್ಮೂರಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಲೆನಾಡಲ್ಲಿ ಮಳೆಯಾದರೆ ಇಲ್ಲಿ ಹೊಳೆ ಏರುತ್ತದೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆ ಇದೆ. ನಾವು ದಡಕ್ಕೆ ಬಂದ ಮೇಲೆ ಅವ್ವ ಬುತ್ತಿ ಬಿಚ್ಚಿ ಮೊದಲನೇ ರೊಟ್ಟಿಯನ್ನು ಆ ಅಜ್ಜನಿಗೇ ಕೊಟ್ಟಳು.