ಆಲ್‌ಝೈಮರ್‌ ಕಾಯಿಲೆಯ ಹಂತಗಳು

ಆಲ್‌ಝೈಮರ್‌ ಕಾಯಿಲೆಯು ಮಿದುಳಿನ ನರಕೋಶಗಳು ನಿಧಾನವಾಗಿ ನಶಿಸುವುದರಿಂದ ಉಂಟಾಗುವ, ಕಾಲಕ್ರಮೇಣ ಉಲ್ಬಣಿಸುವ ರೋಗವಾಗಿದೆ. ನೆನಪು, ಭಾಷೆ, ವಿವೇಚನೆ ಹಾಗೂ ದೈನಂದಿನ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಕುಂದುವ ಸ್ಥಿತಿಯನ್ನು ಡಿಮೆನ್ಶಿಯಾ ಅಥವಾ ಚಿತ್ತವೈಕಲ್ಯ ಎನ್ನಲಾಗುತ್ತದೆ. ಅದರ ಪ್ರಕರಣಗಳಲ್ಲಿ ಶೇ. 60ರಿಂದ 70ರಷ್ಟಕ್ಕೆ ಈ ಕಾಯಿಲೆ ಕಾರಣವಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೆಚ್ಚಾಗಿ 65 ವರ್ಷ ದಾಟಿದವರಲ್ಲಿ ಕಂಡುಬಂದರೂ ಇದು ಮುಪ್ಪಿನ ಸಹಜ ಲಕ್ಷಣವಲ್ಲ.

ಇತಿಹಾಸ

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಅಗಸ್ಟೆ ಡೆಟರ್‌ ಎಂಬ 51 ವರ್ಷದ ಮಹಿಳೆಯನ್ನು ದಾಖಲಿಸಲಾಯಿತು. ಮರೆವು, ಗೊಂದಲ ಮತ್ತು ಪತಿಯ ಮೇಲಿನ ಅಕಾರಣ ಸಂಶಯ ಆಕೆಯಲ್ಲಿ ಕಂಡುಬಂದಿದ್ದವು. 1906ರಲ್ಲಿ ಆಕೆ ಮೃತಪಟ್ಟ ನಂತರ ವೈದ್ಯ ಅಲೋಯ್ಸ್‌ ಆಲ್‌ಝೈಮರ್‌ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಅಸಹಜ ಶೇಖರಣೆಗಳನ್ನೂ ನರಕೋಶಗಳೊಳಗಿನ ಎಳೆಗಳ ಸಿಕ್ಕುಗಳನ್ನೂ ಗುರುತಿಸಿದನು. ಅದೇ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ಈ ವಿವರಗಳನ್ನು ಮಂಡಿಸಿದನು. 1910ರಲ್ಲಿ ಎಮಿಲ್‌ ಕ್ರೆಪಲಿನ್‌ ತನ್ನ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್‌ಝೈಮರ್‌ನ ಹೆಸರನ್ನಿಟ್ಟನು.

ಮಿದುಳಿನಲ್ಲಾಗುವ ಬದಲಾವಣೆಗಳು

ರೋಗಿಯ ಮಿದುಳಿನಲ್ಲಿ ಎರಡು ಪ್ರೋಟೀನ್‌ಗಳು ಅಸಹಜವಾಗಿ ಸಂಗ್ರಹವಾಗುತ್ತವೆ. ಅಮೈಲಾಯ್ಡ್‌ ಬೀಟಾ ನರಕೋಶಗಳ ಹೊರಗೆ ಪ್ಲಾಕ್‌ಗಳಾಗಿ ಗಟ್ಟಿಯಾಗುತ್ತದೆ. ಟೌ ನರಕೋಶಗಳೊಳಗೆ ಸಿಕ್ಕುಗಳಾಗಿ ಹೆಣೆದುಕೊಳ್ಳುತ್ತದೆ. ಕ್ರಮೇಣ ನರಕೋಶಗಳ ನಡುವಿನ ಸಂಪರ್ಕ ಕಡಿದು, ಕೋಶಗಳು ಸತ್ತು, ಮಿದುಳು ಕುಗ್ಗುತ್ತದೆ. ಟೌ ಸಿಕ್ಕುಗಳು ಹೆಚ್ಚಾಗಿ ಹಿಪೊಕ್ಯಾಂಪಸ್‌ ಮತ್ತು ಅದರ ಸಮೀಪದ ಭಾಗದಲ್ಲಿ ಆರಂಭವಾಗಿ ಮಿದುಳಿನ ಹೊರಪದರಕ್ಕೆ ಹರಡುತ್ತವೆ. ಹೊಸ ನೆನಪುಗಳನ್ನು ರೂಪಿಸುವುದು ಹಿಪೊಕ್ಯಾಂಪಸ್‌ನ ಕಾರ್ಯವಾದುದರಿಂದ, ಇಂದು ನಡೆದುದು ಮರೆತುಹೋದರೂ ಬಾಲ್ಯದ ಘಟನೆಗಳು ಬಹುಕಾಲ ನೆನಪಿನಲ್ಲಿ ಉಳಿಯುತ್ತವೆ.

ರೋಗದ ಹಂತಗಳು

ಹಂತಗಳ ನಡುವೆ ಖಚಿತವಾದ ಗಡಿಯಿಲ್ಲ. ರೋಗದ ವೇಗವೂ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ.

ಲಕ್ಷಣಪೂರ್ವ ಹಂತ: ಮಿದುಳಿನ ಬದಲಾವಣೆಗಳು ಲಕ್ಷಣಗಳಿಗಿಂತ 15–20 ವರ್ಷಗಳ ಮೊದಲೇ ಆರಂಭವಾಗಬಹುದು. ಈ ಅವಧಿಯಲ್ಲಿ ವ್ಯಕ್ತಿಯು ಎಂದಿನಂತೆಯೇ ಜೀವಿಸುತ್ತಾನೆ. ಬಳಿಕ ಕೆಲವರಲ್ಲಿ ಸೌಮ್ಯ ಗ್ರಹಣಶಕ್ತಿ ಕುಂದುವಿಕೆ ಕಂಡುಬರುತ್ತದೆ. ಅಂತಹ ಎಲ್ಲರಲ್ಲಿಯೂ ಅದು ಡಿಮೆನ್ಶಿಯಾ ಆಗಿ ಬೆಳೆಯುವುದಿಲ್ಲ.

ಆರಂಭಿಕ ಹಂತ: ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ವಸ್ತುಗಳನ್ನು ಎಲ್ಲೋ ಇಟ್ಟು ಹುಡುಕುವುದು, ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ಹಣದ ಲೆಕ್ಕದಲ್ಲಿ ತಪ್ಪುವುದು ಮುಖ್ಯ ಲಕ್ಷಣಗಳು. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ಯಾರಿಗಾದರೂ ಸಹಜ; ಪರಿಚಿತ ಬೀದಿಯಲ್ಲೇ ದಾರಿ ತಪ್ಪುವುದು ಪರೀಕ್ಷೆ ಅಗತ್ಯವೆಂಬುದರ ಸೂಚನೆ. ತನ್ನಲ್ಲಾಗುತ್ತಿರುವ ಬದಲಾವಣೆಯ ಅರಿವಿರುವ ರೋಗಿಯು ಖಿನ್ನತೆಗೆ ಒಳಗಾಗಬಹುದು. ಆರ್ಥಿಕ, ಕಾನೂನು ಹಾಗೂ ಚಿಕಿತ್ಸೆಯ ವಿಷಯಗಳಲ್ಲಿ ಆತನ ಇಚ್ಛೆಯನ್ನು ತಿಳಿದುಕೊಳ್ಳಲು ಇದು ಸೂಕ್ತ ಕಾಲವಾಗಿದೆ.

ಮಧ್ಯಮ ಹಂತ: ಇದು ಸಾಮಾನ್ಯವಾಗಿ ದೀರ್ಘವಾದುದು. ಅಡುಗೆ, ಸ್ನಾನ, ಉಡುಪು ಧರಿಸುವಿಕೆ ಮೊದಲಾದ ಕೆಲಸಗಳಿಗೆ ನೆರವು ಬೇಕಾಗುತ್ತದೆ. ರೋಗಿಯು ಬಂಧುಗಳನ್ನು ಗುರುತಿಸದಿರಬಹುದು. ತನ್ನ ವಸ್ತುಗಳನ್ನು ಯಾರೋ ಕದ್ದರೆಂದು ಆರೋಪಿಸಬಹುದು. ಸ್ವಂತ ಮನೆಯಲ್ಲಿದ್ದುಕೊಂಡೇ ಮನೆಗೆ ಹೋಗಬೇಕೆಂದು ಹಟ ಹಿಡಿಯಬಹುದು. ಸಂಜೆಯ ಹೊತ್ತಿಗೆ ತಳಮಳ ಹೆಚ್ಚುವುದು, ನಿದ್ರೆ ಕೆಡುವುದು, ಹೊರಗೆ ಅಲೆದಾಡುವುದು ಕೂಡ ಕಂಡುಬರುತ್ತವೆ. ಇವು ರೋಗದ ಪರಿಣಾಮಗಳೇ ಹೊರತು ಉದ್ದೇಶಪೂರ್ವಕ ವರ್ತನೆಗಳಲ್ಲ.

ಅಂತಿಮ ಹಂತ: ಮಾತು ಕೆಲವೇ ಪದಗಳಿಗೆ ಇಳಿದು ಕೊನೆಗೆ ನಿಲ್ಲಬಹುದು. ನಡೆಯುವ, ಕುಳಿತುಕೊಳ್ಳುವ, ಮಲಮೂತ್ರಗಳನ್ನು ನಿಯಂತ್ರಿಸುವ ಶಕ್ತಿ ಕ್ಷೀಣಿಸುತ್ತದೆ. ನುಂಗುವ ತೊಂದರೆಯಿಂದ ಆಹಾರವು ಶ್ವಾಸಕೋಶವನ್ನು ಸೇರಿ ನ್ಯುಮೋನಿಯಾ ಉಂಟಾಗುವುದು ಸಾವಿನ ಪ್ರಮುಖ ಕಾರಣಗಳಲ್ಲೊಂದು. ಆದರೂ ಸ್ಪರ್ಶ, ಪರಿಚಿತ ಧ್ವನಿ ಮತ್ತು ಹಾಡಿಗೆ ಅನೇಕ ರೋಗಿಗಳು ಪ್ರತಿಕ್ರಿಯಿಸುತ್ತಾರೆ. ರೋಗ ಪತ್ತೆಯಾದ ನಂತರ ಅನೇಕರು 4ರಿಂದ 8 ವರ್ಷ ಬದುಕುತ್ತಾರೆ. ಕೆಲವರು 20 ವರ್ಷಗಳವರೆಗೂ ಬದುಕಿರುವುದುಂಟು.

ರೋಗನಿರ್ಣಯ ಮತ್ತು ಚಿಕಿತ್ಸೆ

ವಿಟಮಿನ್‌ ಬಿ12ರ ಕೊರತೆ, ಥೈರಾಯ್ಡ್‌ ತೊಂದರೆ, ಖಿನ್ನತೆ ಹಾಗೂ ಕೆಲವು ಔಷಧಗಳಿಂದಲೂ ಮರೆವು ಉಂಟಾಗುತ್ತದೆ. ಇವುಗಳಿಗೆ ಪರಿಹಾರವಿರುವುದರಿಂದ ಮೊದಲು ಇವುಗಳನ್ನು ಪರೀಕ್ಷಿಸುವುದು ಅವಶ್ಯಕ. ಬಳಿಕ ನೆನಪಿನ ಪರೀಕ್ಷೆ, ಮಿದುಳಿನ ಸ್ಕ್ಯಾನ್‌ ಮೊದಲಾದವುಗಳಿಂದ ರೋಗವನ್ನು ನಿರ್ಣಯಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ ಸಂಸ್ಥೆಯಲ್ಲಿ ಇಂತಹ ತಪಾಸಣೆಯ ಸೌಲಭ್ಯವಿದೆ.

ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಡೊನೆಪೆಜಿಲ್‌, ರಿವಾಸ್ಟಿಗ್ಮಿನ್‌, ಗ್ಯಾಲಂಟಮಿನ್‌ ಮತ್ತು ಮೆಮಾಂಟಿನ್‌ ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ಹತೋಟಿಯಲ್ಲಿಡುತ್ತವೆ. ಅಮೈಲಾಯ್ಡ್‌ ಅನ್ನು ತೆಗೆದುಹಾಕುವ ಲೆಕಾನೆಮ್ಯಾಬ್‌ಗೆ 2023ರಲ್ಲಿಯೂ ಡೊನಾನೆಮ್ಯಾಬ್‌ಗೆ 2024ರಲ್ಲಿಯೂ ಅಮೆರಿಕದಲ್ಲಿ ಪೂರ್ಣ ಅನುಮೋದನೆ ದೊರೆತಿದೆ. ಇವು ಆರಂಭದ ಹಂತಕ್ಕೆ ಸೀಮಿತವಾಗಿದ್ದು, ರೋಗದ ವೇಗವನ್ನು ತುಸು ತಗ್ಗಿಸುತ್ತವೆ. ಮಿದುಳಿನ ಊತ ಮತ್ತು ರಕ್ತಸ್ರಾವ ಇವುಗಳ ಅಡ್ಡಪರಿಣಾಮಗಳು.

ಆರೈಕೆ

ಭಾರತದಲ್ಲಿ ಆರೈಕೆಯ ಹೊಣೆಯನ್ನು ಬಹುಮಟ್ಟಿಗೆ ಕುಟುಂಬದವರೇ ಹೊರುತ್ತಾರೆ. ನಿಗದಿತ ದಿನಚರಿ, ಚಿಕ್ಕ ಹಾಗೂ ಸರಳ ವಾಕ್ಯಗಳು, ಸಾಕಷ್ಟು ಬೆಳಕು, ಜಾರದ ನೆಲ ಮತ್ತು ವಿಳಾಸವಿರುವ ಗುರುತಿನ ಚೀಟಿ ರೋಗಿಗೆ ನೆರವಾಗುತ್ತವೆ. ಘಟನೆ ಮರೆತುಹೋದರೂ ಅದರಿಂದಾದ ನೋವು ಅಥವಾ ಸಂತೋಷ ರೋಗಿಯಲ್ಲಿ ಉಳಿಯಬಲ್ಲದು. ಆದ್ದರಿಂದ ತಪ್ಪನ್ನು ತಿದ್ದಿ ವಾದಿಸುವುದಕ್ಕಿಂತ ಸಮಾಧಾನಪಡಿಸಿ ಗಮನವನ್ನು ಬೇರೆಡೆಗೆ ಸೆಳೆಯುವುದು ಉತ್ತಮ. ಆರೈಕೆ ಮಾಡುವವರೂ ನಿದ್ರಾಹೀನತೆ ಮತ್ತು ಖಿನ್ನತೆಗೆ ಸುಲಭವಾಗಿ ಒಳಗಾಗುವುದರಿಂದ, ಈ ಹೊಣೆಯನ್ನು ಮನೆಯ ಇತರರೂ ಹಂಚಿಕೊಳ್ಳುವುದು ಅಗತ್ಯವಾಗಿದೆ.