ಪುಟದೊಳಗೆ ಬಂದ ವಿಡಿಯೊ ಗೇಮ್

ಕಥೆಯೊಳಗೆ ಆಟ ಬರುವುದು ನಮಗೆ ಹೊಸದೇನಲ್ಲ. ಮಹಾಭಾರತದ ಸಭಾಪರ್ವ ನಿಂತಿರುವುದೇ ಪಗಡೆಯ ಹಾಸಿನ ಮೇಲೆ. ದಾಳದ ಲೆಕ್ಕ ತಿಳಿಯದವರಿಗೂ, ಧರ್ಮರಾಯ ಒಂದೊಂದನ್ನೇ ಪಣಕ್ಕೊಡ್ಡಿ ಸೋಲುತ್ತ ಹೋಗುವಾಗ ಜೀವ ಹಿಡಿಯಾಗುತ್ತದೆ. ಅದೇ ಕಾದಂಬರಿಯಲ್ಲೋ ಕಾಮಿಕ್ಸ್‌ನಲ್ಲೋ ವಿಡಿಯೊ ಗೇಮ್ ಎದುರಾದರೆ, ಇದು ಮಕ್ಕಳ ವಿಷಯ, ಸಾಹಿತ್ಯದಲ್ಲಿ ಇದಕ್ಕೇನು ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ‘ಸ್ಪೇಸ್ ಇನ್ವೇಡರ್ಸ್’ ಬಂದದ್ದು 1978ರಲ್ಲಿ, ‘ಪ್ಯಾಕ್‌ಮನ್’ 1980ರಲ್ಲಿ. ಆ ಪರದೆಗಳ ಮುಂದೆ ಬೆಳೆದ ಮಕ್ಕಳು ಈಗ ನಡುವಯಸ್ಸು ದಾಟುತ್ತಿರುವ ಲೇಖಕರು. ಅವರ ಬರವಣಿಗೆಯಲ್ಲಿ ಗೇಮ್ ಬರುವುದು ಸಹಜ. ಬಂದು ಅಲ್ಲಿ ಏನು ಮಾಡುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಬರೀ ಹೆಸರಾಗಿ ಬಂದ ಗೇಮ್ ಅದನ್ನು ಆಡಿದ ತಲೆಮಾರಿನೊಂದಿಗೇ ಮಾಸಿಹೋಗುತ್ತದೆ. ಅದರ ನಿಯಮವೇ ಪಾತ್ರದ ಸ್ವಭಾವವೋ ಸಂಕಟವೋ ಆದಾಗ ಕಥೆಯಲ್ಲಿ ಉಳಿಯುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ರೆನ್ಸುಕೆ ಓಶಿಕಿರಿ ಅವರ ‘ಹೈ ಸ್ಕೋರ್ ಗರ್ಲ್’ ಎಂಬ ಮಂಗಾ, ಅಂದರೆ ಜಪಾನಿ ಚಿತ್ರಕಥೆ. ಕಥೆ ಶುರುವಾಗುವುದು 1991ರಲ್ಲಿ, ‘ಸ್ಟ್ರೀಟ್ ಫೈಟರ್ 2’ ಎಂಬ ಹೊಡೆದಾಟದ ಗೇಮ್ ಜಪಾನಿನ ಗೇಮ್ ಪಾರ್ಲರ್‌ಗಳಿಗೆ ಲಗ್ಗೆಯಿಟ್ಟ ವರ್ಷ. ಓದಿನಲ್ಲಿ ಹಿಂದೆ ಬಿದ್ದ, ಗೇಮ್ ಬಿಟ್ಟು ಬೇರೇನೂ ಬಾರದ ಆರನೇ ತರಗತಿಯ ಹುಡುಗ ಹರುವೊ. ಅವನದೇ ತರಗತಿಯ ಸಿರಿವಂತ ಮನೆಯ ಹುಡುಗಿ ಅಕಿರಾ. ಮನೆಯ ಕಟ್ಟುಪಾಡು ತಪ್ಪಿಸಿಕೊಂಡು ಪಾರ್ಲರ್‌ಗೆ ಬರುವ ಅವಳ ಬಾಯಿಂದ ಮಾತೇ ಹೊರಡುವುದಿಲ್ಲ. ಅವಳು ಆಡಿಸುವುದು ಝಾಂಗೀಫ್ ಎಂಬ ದೈತ್ಯ ಕುಸ್ತಿಪಟುವನ್ನು. ದೂರದಿಂದ ಎಸೆಯಲು ಅವನ ಕೈಯಲ್ಲಿ ಏನೂ ಇಲ್ಲ. ಏಟು ತಡೆದುಕೊಂಡು ಎದುರಾಳಿಯ ಹತ್ತಿರಕ್ಕೆ ಹೋಗಿ, ಗೇಮ್ ಯಂತ್ರದ ಲಿವರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಹಿಡಿದೆತ್ತಿ ನೆಲಕ್ಕೆ ಕುಕ್ಕಬೇಕು. ಹರುವೊ ನೆಚ್ಚಿಕೊಂಡಿರುವ ಗೈಲ್ ಎಂಬ ಪಾತ್ರದ್ದು ಬೇರೆಯೇ ವರಸೆ. ಲಿವರನ್ನು ಹಿಂದಕ್ಕೆ ಒತ್ತಿ ಹಿಡಿದು ಕಾಯಬೇಕು, ಆಮೇಲೆ ಮುಂದಕ್ಕೆ ತಳ್ಳಿದರೆ ಅವನ ಆಯುಧ ದೂರದಿಂದಲೇ ಹಾರುತ್ತದೆ. ಮಾತು ಬಾರದ ಹುಡುಗಿಗೆ ಹತ್ತಿರ ಹೋದರಷ್ಟೇ ಗೆಲ್ಲುವವನು. ತನ್ನ ಮನಸ್ಸು ತನಗೇ ತಿಳಿಯದ ಹುಡುಗನಿಗೆ ಹಿಂದೆ ಸರಿದು ಕಾಯುವವನು. ಇಬ್ಬರೂ ಬಾಯಿಬಿಟ್ಟು ಹೇಳಲಾರದ್ದನ್ನು ಗೇಮಿನ ನಿಯಮ ಹೇಳಿಬಿಡುತ್ತದೆ.

ಕೆನಡಾದ ಬ್ರಯಾನ್ ಲೀ ಓಮ್ಯಾಲಿ 2004ರಿಂದ 2010ರವರೆಗೆ ಆರು ಸಂಪುಟಗಳಲ್ಲಿ ತಂದ ‘ಸ್ಕಾಟ್ ಪಿಲ್ಗ್ರಿಮ್’ ಕಾಮಿಕ್ಸ್‌ನಲ್ಲಿ ಸೋತ ಎದುರಾಳಿಗಳು ನಾಣ್ಯಗಳಾಗಿ ಚೆಲ್ಲಿಹೋಗುತ್ತಾರೆ. ಅದು ತಮಾಷೆ. ಆದರೆ ನಾಯಕ ಸತ್ತು, ಗೇಮ್‌ಗಳಲ್ಲಿ ಸಿಗುವಂಥ ಹೆಚ್ಚುವರಿ ಜೀವದಿಂದ ಎದ್ದು ಬಂದಾಗ, ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳದೆ ಅವನಿಗೆ ಗೆಲುವಿಲ್ಲ. 2022ರಲ್ಲಿ ಬಂದ ಗೇಬ್ರಿಯಲ್ ಝೆವಿನ್ ಅವರ ಕಾದಂಬರಿ ‘ಟುಮಾರೊ ಆ್ಯಂಡ್ ಟುಮಾರೊ ಆ್ಯಂಡ್ ಟುಮಾರೊ’ ಇನ್ನೂ ಆಳಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ‘ಸೂಪರ್ ಮಾರಿಯೊ’ ಆಡುತ್ತ ಗೆಳೆಯರಾದ ಸ್ಯಾಮ್ ಮತ್ತು ಸೇಡಿ ಮುಂದೆ ಗೇಮ್ ತಯಾರಕರಾಗುತ್ತಾರೆ. ಸೋತರೆ ಮತ್ತೆ ಮೊದಲಿನಿಂದ ಆಡಬಹುದು ಎಂಬುದೇ ಅವರ ಕಸುಬಿನ ಮೂಲ ನಂಬಿಕೆ. ತಮ್ಮ ಆಪ್ತನೊಬ್ಬ ಸತ್ತಾಗ ಆ ನಂಬಿಕೆ ಕೈಕೊಡುತ್ತದೆ. ಮರಳಿ ಆಡಲಾಗದ ಸಾವಿನ ಭಾರವನ್ನು ಓದುಗ ಇಷ್ಟು ನಿಚ್ಚಳವಾಗಿ ಅನುಭವಿಸುವುದು, ಮರಳಿ ಆಡುವ ಸುಖವನ್ನು ಕಾದಂಬರಿ ಅದುವರೆಗೆ ತೋರಿಸುತ್ತ ಬಂದಿರುವುದರಿಂದ.

ಇದೆಲ್ಲ ಬಾಲ್ಯದ ಹಂಬಲವನ್ನು ಕೆರಳಿಸಿ ಪುಸ್ತಕ ಮಾರುವ ಉಪಾಯ ಎಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಅರ್ನೆಸ್ಟ್ ಕ್ಲೈನ್ ಅವರ ‘ರೆಡಿ ಪ್ಲೇಯರ್ ಒನ್’ (2011) ಕಾದಂಬರಿಯಲ್ಲಿ ಎಂಬತ್ತರ ದಶಕದ ಗೇಮ್, ಸಿನಿಮಾ, ಹಾಡುಗಳ ಹೆಸರುಗಳು ಪುಟಗಟ್ಟಲೆ ಸಾಲುಗಟ್ಟುತ್ತವೆ. ಆ ಭಾಗಗಳು ದಾಸ್ತಾನು ಪಟ್ಟಿಯಂತೆ ಓದಿಸಿಕೊಳ್ಳುತ್ತವೆ. ಆದರೆ ಅದೇ ಪುಸ್ತಕ ಬಳಸಿಕೊಂಡಿರುವ ‘ಅಡ್ವೆಂಚರ್’ ಗೇಮಿನ ಪ್ರಸಂಗ ಬೇರೆ ತೂಕದ್ದು. ಅದನ್ನು ತಂದ ಅಟಾರಿ ಕಂಪನಿ ಆಗ ಗೇಮ್ ರೂಪಿಸಿದವರ ಹೆಸರು ಹಾಕುತ್ತಿರಲಿಲ್ಲ. ‘ಅಡ್ವೆಂಚರ್’ ರೂಪಿಸಿದ ವಾರೆನ್ ರಾಬಿನೆಟ್ ಯಾರಿಗೂ ಹೇಳದೆ ಗೇಮಿನೊಳಗೆ ಒಂದು ಗುಪ್ತ ಕೋಣೆ ಮಾಡಿ ತಮ್ಮ ಹೆಸರನ್ನು ಅಲ್ಲಿ ಅಡಗಿಸಿಟ್ಟರು. ಕಾದಂಬರಿಯ ನಿಧಿಶೋಧಕ್ಕೆ ಇದೇ ಬೀಜ. ಮಾಡಿದ ಕೆಲಸಕ್ಕೆ ಹೆಸರು ಸಿಗದವನ ನೋವು ಅರ್ಥವಾಗಲು ಯಾರೂ ಅಟಾರಿ ಮುಟ್ಟಿರಬೇಕಿಲ್ಲ. ಒಂದೇ ಪುಸ್ತಕದಲ್ಲಿ ಸೋತ ಉಲ್ಲೇಖವೂ ಗೆದ್ದ ಉಲ್ಲೇಖವೂ ಇರುವುದರಿಂದ, ದೋಷ ಗೇಮಿನದಲ್ಲ, ಅದನ್ನು ದುಡಿಸಿಕೊಳ್ಳುವ ಕೈಯದು ಎಂದು ಧೈರ್ಯವಾಗಿ ಹೇಳಬಹುದು. ಆಡದವರಿಗೆ ಇವು ಮುಚ್ಚಿದ ಬಾಗಿಲು ಎಂಬ ದೂರಿಗೂ ಉತ್ತರ ಇಲ್ಲೇ ಇದೆ. ಓದುಗನಿಗೆ ಬೇಕಾದಷ್ಟು ನಿಯಮವನ್ನು ಕಥೆಯೇ ಕಲಿಸಬೇಕು. ‘ಹೈ ಸ್ಕೋರ್ ಗರ್ಲ್’ ಹೊಡೆತ ಹೊಡೆತಕ್ಕೂ ಅದನ್ನು ಕಲಿಸುತ್ತದೆ. ಕಲಿಸಲು ಒಲ್ಲದ ಲೇಖಕನನ್ನು ಓದುಗ ಬದಿಗಿಟ್ಟರೆ ತಪ್ಪೇನಿಲ್ಲ.

ಗೇಮುಗಳಿಗೆ ಒಡೆಯರಿದ್ದಾರೆ ಎಂಬುದು ಇನ್ನೂ ಬಿಗಿಯಾದ ತೊಡಕು. ತಮ್ಮ ಗೇಮುಗಳ ಪಾತ್ರಗಳನ್ನು ಅನುಮತಿಯಿಲ್ಲದೆ ಚಿತ್ರಿಸಲಾಗಿದೆ ಎಂದು ಎಸ್‌ಎನ್‌ಕೆ ಪ್ಲೇಮೋರ್ ಕಂಪನಿ ದೂರು ಕೊಟ್ಟಿದ್ದರಿಂದ, 2014ರ ಆಗಸ್ಟ್‌ನಲ್ಲಿ ಪೊಲೀಸರು ‘ಹೈ ಸ್ಕೋರ್ ಗರ್ಲ್’ ಪ್ರಕಾಶಕರಾದ ಸ್ಕ್ವೇರ್ ಎನಿಕ್ಸ್ ಕಚೇರಿಯನ್ನು ಶೋಧಿಸಿದರು. ಪುಸ್ತಕಗಳ ಮಾರಾಟ ನಿಂತಿತು, ಧಾರಾವಾಹಿಯೂ ನಿಂತಿತು. 2015ರಲ್ಲಿ ರಾಜಿಯಾಗಿ, 2016ರಲ್ಲಿ ಮತ್ತೆ ಶುರುವಾದ ಕಥೆ 2018ರಲ್ಲಿ ಮುಗಿಯಿತು. ಆ ಪಾತ್ರಗಳನ್ನು ರಚಿಸಿದವರ ಹಕ್ಕು ನಿಜವಾದ ಹಕ್ಕೇ. ಕೇಳಿ ಬಳಸುವುದು ಮರ್ಯಾದೆ. ಆದರೂ ಒಂದು ಕಾಲದ ಮಕ್ಕಳು ಎಲ್ಲಿ ಸೇರುತ್ತಿದ್ದರು, ಯಾವುದಕ್ಕೆ ಜಗಳವಾಡುತ್ತಿದ್ದರು, ಯಾರನ್ನು ಹೇಗೆ ಮೆಚ್ಚಿದರು ಎಂದು ಬರೆಯಹೊರಟವನು ಆ ಗೇಮುಗಳನ್ನು ಬಿಟ್ಟು ಬರೆಯಲಾರ. ಬಿಟ್ಟರೆ ಅದು ಆ ಕಾಲದ ಕಥೆಯಾಗುವುದಿಲ್ಲ. ಆದ್ದರಿಂದ ಹಕ್ಕುದಾರರು ಅನುಮತಿಯ ದಾರಿಯನ್ನು ಸಲೀಸು ಮಾಡಬೇಕು, ವಿಮರ್ಶಕರು ಗೇಮಿನ ಉಲ್ಲೇಖವನ್ನೂ ಪುರಾಣದ ಉಲ್ಲೇಖದಷ್ಟೇ ಶ್ರದ್ಧೆಯಿಂದ ಅಳೆಯಬೇಕು, ಲೇಖಕರು ಹೆಸರು ಉದುರಿಸುವ ಸುಲಭದ ಹಾದಿ ಬಿಟ್ಟು ನಿಯಮದೊಳಗಿನ ಮನುಷ್ಯನನ್ನು ಹುಡುಕಬೇಕು. ಮೊಬೈಲಿನಲ್ಲಿ ಆಡುತ್ತ ಬೆಳೆಯುತ್ತಿರುವ ನಮ್ಮ ಮಕ್ಕಳೂ ನಾಳೆ ಕನ್ನಡದಲ್ಲಿ ಬರೆಯುವವರೇ. ಅವರು ಬರೆಯುವಾಗ ಗೇಮಿನ ಉಲ್ಲೇಖವನ್ನು ಅಳೆಯುವ ಕೋಲು ನಮ್ಮಲ್ಲಿ ಸಿದ್ಧವಾಗಿರಬೇಕು.