ಸಂತೆಯಿಂದ ಹೊರಟ ಶಾಂತಿ ಸಮಿತಿ

ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ 1995ರಲ್ಲಿ ರೂಪುಗೊಂಡದ್ದು ಕೆನ್ಯಾದ ಈಶಾನ್ಯ ಮೂಲೆಯ ಒಣ ಸೀಮೆಯಲ್ಲಿ. ಇಥಿಯೋಪಿಯಾ, ಸೊಮಾಲಿಯಾ ಎರಡರ ಗಡಿಯೂ ಅಲ್ಲಿಗೆ ಹತ್ತಿರ. ಒಂಟೆ, ದನ, ಆಡು ಮೇಯಿಸಿ ಬದುಕುವ ಸೊಮಾಲಿ ಜನ ಅಲ್ಲಿ ಅಜುರಾನ್, ದೆಗೋಡಿಯಾ, ಒಗಾಡೆನ್ ಮೊದಲಾದ ಕುಲಗಳಾಗಿ ಹಂಚಿಹೋಗಿದ್ದಾರೆ. ಹುಲ್ಲು, ನೀರಿನ ಜಗಳ ಅವರಿಗೆ ಹೊಸದಲ್ಲ. ಆದರೆ 1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದು ಬಂದೂಕುಗಳು ಗಡಿ ದಾಟಿ ಬಂದವು. ಜೊತೆಗೆ ಬರ. 1992ರ ಚುನಾವಣೆ ಕುಲವೈಷಮ್ಯಕ್ಕೆ ತುಪ್ಪ ಸುರಿಯಿತು. ಸರ್ಕಾರದ ಮೊರೆ ಹೋಗೋಣವೆಂದರೆ, 1984ರಲ್ಲಿ ವಾಗಲ್ಲಾದಲ್ಲಿ ಸೈನಿಕರು ದೆಗೋಡಿಯಾ ಗಂಡಸರನ್ನು ಹಿಡಿದು ತಂದು ಕೊಂದದ್ದು ಯಾರಿಗೂ ಮರೆತಿರಲಿಲ್ಲ.

ಜಗಳ ಸಂತೆಗೂ ಇಳಿಯಿತು. ಒಂದು ಕುಲದ ಹೆಂಗಸು ಇನ್ನೊಂದು ಕುಲದವಳಿಗೆ ಮಾರುವುದಿಲ್ಲ, ಅವಳಿಂದ ಕೊಳ್ಳುವುದೂ ಇಲ್ಲ. ದೇಖಾ ಇಬ್ರಾಹಿಂ ಅಬ್ದಿ ಎಂಬ ಹೆಂಗಸು ಮತ್ತು ಆಕೆಯ ಕೆಲವು ಗೆಳತಿಯರು ಕೈಹಾಕಿದ್ದು ಇಲ್ಲಿಗೇ. ಯಾವ ಕುಲದವರೇ ಬಂದರೂ ವ್ಯಾಪಾರ ನಡೆಯಬೇಕು ಎಂದು ಸಂತೆಯಲ್ಲಿ ಕಾವಲಿಗೆ ಹೆಂಗಸರನ್ನು ನಿಲ್ಲಿಸಿದರು. ತಕರಾರು ಎದ್ದರೆ ಅಲ್ಲೇ ಕೂತು ಬಗೆಹರಿಸಿದರು. ಆಮೇಲೆ ಹಿರಿಯರ ಸರದಿ. ಜಗಳದಲ್ಲಿ ಪಾಲಿಲ್ಲದ ಚಿಕ್ಕ ಕುಲವೊಂದರ ಹಿರಿಯರನ್ನು ಮುಂದಿಟ್ಟುಕೊಂಡು ಮಾತುಕತೆ ನಡೆಸಿದ್ದು ಜಾಣ ನಡೆ. 1993ರ ಅಲ್ ಫತಾಹ್ ಒಪ್ಪಂದ ಅದರ ಫಲ.

ಹೆಂಗಸರು, ಹಿರಿಯರು, ಯುವಕರು ಹೀಗೆ ಬೇರೆಬೇರೆಯಾಗಿ ಕಟ್ಟಿಕೊಂಡ ಗುಂಪುಗಳೇ 1995ರಲ್ಲಿ ಒಂದಾಗಿ ಜಿಲ್ಲಾ ಅಭಿವೃದ್ಧಿ ಸಮಿತಿಯ ಅಂಗವಾದವು. ಅಧ್ಯಕ್ಷತೆ ಜಿಲ್ಲಾಧಿಕಾರಿಯದು. ಎಲ್ಲೋ ಕೊಲೆಯಾಯಿತು, ಒಂಟೆ ಕಳುವಾಯಿತು ಎಂಬ ಸುದ್ದಿ ಬಂದರೆ ಸೇಡಿನ ದಾಳಿ ಏಳುವ ಮೊದಲೇ ಹಿರಿಯರು, ಹೆಂಗಸರು, ಧಾರ್ಮಿಕ ಮುಖಂಡರು, ಅಧಿಕಾರಿಗಳ ತಂಡ ಅಲ್ಲಿಗೆ ಧಾವಿಸುತ್ತಿತ್ತು. ಅಧಿಕಾರಿಗಳ ಬಳಿ ಹುಕುಂ ಇತ್ತು, ಊರವರ ನಂಬಿಕೆ ಇರಲಿಲ್ಲ. ಹಿರಿಯರದು ಇದಕ್ಕೆ ತಿರುಗಾಮುರುಗಾ. ಆಕ್ಸ್‌ಫ್ಯಾಮ್‌ನಂಥ ಸಂಸ್ಥೆಗಳೂ ನೆರವಾದವು. ಡೀಸೆಲ್, ಸಭೆಯ ಊಟದ ಖರ್ಚು ಸಣ್ಣದೆನಿಸಬಹುದು, ಆದರೆ ಇಂಥ ಸಮಿತಿಗಳು ಸೊರಗುವುದು ಹೆಚ್ಚಾಗಿ ಅಲ್ಲಿಯೇ.

ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ವಜೀರ್‌ನ ಮಾದರಿ ಮೊದಲು ನೆರೆಯ ಜಿಲ್ಲೆಗಳಿಗೆ, 2007ರ ಕೊನೆಯ ಚುನಾವಣೆಯ ನಂತರದ ಹಿಂಸಾಚಾರ ತಣ್ಣಗಾದ ಮೇಲೆ ದೇಶದ ಉಳಿದೆಡೆಗೂ ಹಬ್ಬಿತು.

ತೊಡಕು ಇದ್ದದ್ದು ಪರಿಹಾರದ ಪದ್ಧತಿಯಲ್ಲಿ. ಕೊಲೆಯಾದವನ ಕುಲಕ್ಕೆ ಕೊಂದವನ ಕುಲ ಒಂಟೆ ತೆರಬೇಕು: ವಾಡಿಕೆಯಂತೆ ಗಂಡಸಿಗೆ 100, ಹೆಂಗಸಿಗೆ 50. ಹೆಂಗಸರೇ ಶುರುಮಾಡಿದ ಕೆಲಸದೊಳಗೆ ಈ ಲೆಕ್ಕ ಹಾಗೆಯೇ ಉಳಿಯಿತು. ಕೆನ್ಯಾದ ದಂಡಸಂಹಿತೆಗೆ ಕೊಲೆ ಕೋರ್ಟಿನಲ್ಲಿ ವಿಚಾರಣೆಯಾಗಬೇಕಾದ ಅಪರಾಧ. ಒಂಟೆ ಕೊಟ್ಟು ರಾಜಿಯಾದರೂ ಅದು ಮುಗಿಯುವುದಿಲ್ಲ. ವಾಡಿಕೆಯಂತೆ ರಾಜಿಯಾದ ಪ್ರಕರಣವನ್ನು ಮತ್ತೆ ಕೆದಕಿದರೆ ಜಗಳ ಹೊತ್ತಿಕೊಳ್ಳುತ್ತದೆಂದು ಅಧಿಕಾರಿಗಳು ಅನೇಕ ಸಲ ಕಂಡೂ ಕಾಣದಂತಿದ್ದರು.